ಕೋಳಿ ಜಾಲರಿಯಲ್ಲಿ ಸಿಕ್ಕ ಟಿ.ವಿ.

ಕೇಳುಗರೇ, ನಮಸ್ಕಾರ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಸಂಜೆ ಟಿ.ವಿ. ಮುಂದೆ ಕೂರುತ್ತಿದ್ದರು. ಅದು ‘ಸೈಟ್’, ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ.ಯಲ್ಲಿ ತಿಳಿವಳಿಕೆ ಮುಟ್ಟಿಸುವ ಪ್ರಯೋಗ: 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳಲ್ಲಿ, ಸುಮಾರು 2,400 ಹಳ್ಳಿಗಳಿಗೆ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟಿತ್ತು. ನೆಲದ ಮೇಲಿನ ತಾಂತ್ರಿಕ ಹೊಣೆ ಇಸ್ರೋದ್ದು.

ಉಪಗ್ರಹದ ಆಂಟೆನಾ ಒಂಬತ್ತು ಮೀಟರ್ ಅಗಲ. ಹಾಗಾಗಿ ಅಲೆ ಬಲವಾಗಿಯೇ ಬರುತ್ತಿತ್ತು, ಹಳ್ಳಿಯಲ್ಲಿ ಮೂರು ಮೀಟರಿನದು ಸಾಕಾಯಿತು. ಅದನ್ನು ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದಲೇ ಮಾಡಿದರು. ತೂತುಗಳಿರುವ ಜಾಲರಿ ಅಲೆಯನ್ನು ಹಿಡಿದೀತೆ? ಹಿಡಿಯುತ್ತದೆ. ಪ್ರಸಾರ ಬರುತ್ತಿದ್ದುದು 860 ಮೆಗಾಹರ್ಟ್ಸ್‌ನಲ್ಲಿ; ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕಿಂತ ಬಹಳ ಸಣ್ಣ ತೂತು ಅಲೆಯ ಪಾಲಿಗೆ ಇಲ್ಲದಂತೆಯೇ, ಗಾಳಿ ಮಾತ್ರ ಸಲೀಸಾಗಿ ದಾಟಿಹೋಗುತ್ತದೆ. ಇಷ್ಟು ಅಗಲದ ಆಂಟೆನಾ ಏಳೆಂಟು ಡಿಗ್ರಿಯಷ್ಟು ಆಕಾಶವನ್ನು ಒಟ್ಟಿಗೇ ನೋಡುವುದರಿಂದ ಕೊಂಚ ಅಲುಗಿದರೂ ಚಿತ್ರ ಕೆಡುವುದಿಲ್ಲ. ಕೆಡಿಸುತ್ತಿದ್ದುದು ಕರೆಂಟು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ: ಹಿಂದಿ, ಒಡಿಯಾ, ತೆಲುಗು, ಕನ್ನಡ, ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ, ಅದರಲ್ಲಿ ಅರ್ಧ ಗಂಟೆ ಎಲ್ಲರಿಗೂ ಒಂದೇ ಹಿಂದಿ ಕಾರ್ಯಕ್ರಮ. ಒಂದು ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲ ಆ ಉಪಗ್ರಹಕ್ಕಿತ್ತು. ಕನ್ನಡದ ಕಾರ್ಯಕ್ರಮಗಳು ತೆಲುಗಿನವುಗಳ ಜೊತೆಗೆ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ತೊಡಕು ಇರುವುದು ಇಲ್ಲೇ. ಉಪಗ್ರಹಕ್ಕೆ ರಾಯಚೂರೂ ಒಂದೇ, ಬಿಜಾಪುರವೂ ಒಂದೇ. ನೋಡುವವನಿಗೆ ಹಾಗಲ್ಲ. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ನಾಟಿ ಮಾಡುವವನಿಗೆ ಹೇಳುವ ಮಾತು ಬೇರೆ. ಎರೆಹೊಲದ ತೇವವನ್ನೇ ನಂಬಿ ಹಿಂಗಾರಿ ಜೋಳ ಬಿತ್ತುವವನಿಗೆ ಹೇಳುವುದೇ ಬೇರೆ. ಇಬ್ಬರಿಗೂ ಸಲ್ಲುವ ಮಾತು ಹುಡುಕಹೊರಟರೆ ಉಳಿಯುವುದು ಬರೀ ಉಪದೇಶ. ಮೊದಮೊದಲು ನೆರೆದ ಜನ ತಿಂಗಳು ಕಳೆದಂತೆ ಕರಗಿದರು. ಹಿಂದಿ ತಿಳಿಯದ ಊರಿನಲ್ಲಿ ಹಿಂದಿಯ ಅರ್ಧ ಗಂಟೆಗೆ ಜನ ಎದ್ದುಹೋದರೆ ತಪ್ಪು ಯಾರದು?

ಹೊಸ ಬೇಸಾಯ ಪದ್ಧತಿಗಳ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆರೋಗ್ಯ, ಕುಟುಂಬ ಯೋಜನೆಯ ತಿಳಿವಳಿಕೆಯಲ್ಲಿ ಮಾತ್ರ ಗಂಡಸರಿಗಿಂತ ಹೆಂಗಸರು ಹೆಚ್ಚು ಪಡೆದರು. ಗಂಡಸರಿಗೆ ಸಂತೆಯಿತ್ತು, ಕಚೇರಿಯಿತ್ತು, ಚಹಾದಂಗಡಿಯ ರೇಡಿಯೋ ಇತ್ತು. ಹೆಂಗಸರಿಗೆ ಹೊರಗಿನ ಸುದ್ದಿಯ ಬಾಗಿಲು ಅಷ್ಟಾಗಿ ಇರಲಿಲ್ಲ.

ಇದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ದಾರಿ ಹಿಡಿದರು. ಪೀಜ್ ಎಂಬ ಊರಲ್ಲಿ ಒಂದು ಕಿಲೋವಾಟ್‌ನ ಸಣ್ಣ ಪ್ರಸಾರ ಯಂತ್ರ. ಸುತ್ತಲ ಹಳ್ಳಿಯವರೇ ತೆರೆಯ ಮೇಲೆ, ಮಾತು ಆ ಸೀಮೆಯ ಚರೋತರಿ ಗುಜರಾತಿ, ವಿಷಯ ಕೂಲಿ, ಹಾಲು, ಜಾತಿ. ನನ್ನ ಮಟ್ಟಿಗೆ, ಆಕಾಶದಿಂದ ಇಳಿದ ಚಿತ್ರಕ್ಕಿಂತ ಗಟ್ಟಿಯಾದ ಕೆಲಸ ಅದು.

ವರ್ಷ ಮುಗಿದ ಮೇಲೆ ಉಪಗ್ರಹ ಆಕಾಶದಲ್ಲೇ ಅಮೆರಿಕದ ಕಡೆಗೆ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರ ಯಂತ್ರ ನಿಂತಿತು. ಅದಕ್ಕೆ ಜಾಲರಿಯ ಆಂಟೆನಾ ನಡೆಯದು. ಸಾಮಾನ್ಯ ಕಡ್ಡಿ ಆಂಟೆನಾ ಬೇಕು, ಊರೂ ಅದರ ವ್ಯಾಪ್ತಿಯೊಳಗೆ ಇರಬೇಕು. ಅದರ ಪ್ರಸಾರ ತಲುಪದ ಹಳ್ಳಿಗಳು ಮುಂದಿನ ಉಪಗ್ರಹಕ್ಕೋ ಮುಂದಿನ ಪ್ರಸಾರ ಯಂತ್ರಕ್ಕೋ ಕಾಯಬೇಕಾಯಿತು.

ನಮಸ್ಕಾರ.