ರೀಡಿಂಗ್ ಬರೆದುಕೊಂಡವಳು

ಪರದೆಯ ಮೇಲೆ ನೀವೀಗ ನೋಡುತ್ತಿರುವುದು ನನ್ನ ಎಂಜಿನಿಯರಿಂಗ್ ಎರಡನೆಯ ವರ್ಷದ ಅಬ್ಸರ್ವೇಷನ್ ಪುಸ್ತಕ. ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಎಂಬ, ಸಂಕೇತವನ್ನು ವರ್ಧಿಸುವ ಸರ್ಕ್ಯೂಟಿನ ಪ್ರಯೋಗದ ಈ ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಕೋಷ್ಟಕವಿದೆ, ಒಂದೂ ಚಿತ್ತಿಲ್ಲದ ರೀಡಿಂಗುಗಳಿವೆ, ಕೆಳಗೆ ಕೆಂಪು ಶಾಯಿಯಲ್ಲಿ ಸರ್ ಅವರ ಸಹಿಯಿದೆ. ಲ್ಯಾಬಿನಲ್ಲಿ ನಮ್ಮ ಮೂವರ ಬ್ಯಾಚಿನಲ್ಲಿ ಇಬ್ಬರು ಹುಡುಗರು, ಹುಡುಗಿ ನಾನೊಬ್ಬಳೇ. ಮೊದಲ ವಾರವೇ ಅವರಲ್ಲೊಬ್ಬ, “ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ರೀಡಿಂಗ್ ಬರ್ಕೋ” ಎಂದ. ಹೊಗಳಿಕೆಯಂತೆ ಕೇಳಿಸಿದ್ದರಿಂದ ನಾನು ಖುಷಿಯಿಂದಲೇ ಪೆನ್ನು ಹಿಡಿದೆ. ಅಂದಿನಿಂದ ಅವರು ಬಿಡಿಭಾಗಗಳನ್ನು ಸಿಕ್ಕಿಸುವ ಬ್ರೆಡ್‌ಬೋರ್ಡಿನ ಮೇಲೆ ಕನೆಕ್ಷನ್ ಕೊಟ್ಟು, ವಿದ್ಯುತ್ತಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಸಿಆರ್‌ಒದ ನಾಬ್ ತಿರುಗಿಸುತ್ತಿದ್ದರೆ, ಅವರು ಕೂಗಿ ಹೇಳಿದ ಅಂಕಿಗಳನ್ನು ನಾನು ಮುದ್ದಾಗಿ ಬರೆದುಕೊಳ್ಳುತ್ತಿದ್ದೆ.

ಅದೇ ಸೆಮಿಸ್ಟರಿನಲ್ಲಿ ‘ಲಿಂಗತ್ವ ಮತ್ತು ತಂತ್ರಜ್ಞಾನ’ ಎಂಬ ಐಚ್ಛಿಕ ತರಗತಿಯೊಂದು ಶುರುವಾಯಿತು. ಪರೀಕ್ಷೆಯಿಲ್ಲ, ಅಸೈನ್‌ಮೆಂಟ್ ಮಾತ್ರ ಎಂದು ತಿಳಿದು ಸೇರಿದೆನೇ ಹೊರತು ವಿಷಯದ ಮೇಲಿನ ಆಸಕ್ತಿಯಿಂದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೊದಲ ದಿನ ಮೇಡಂ ಯಾವ ಪೀಠಿಕೆಯನ್ನೂ ಹಾಕದೆ, ಲ್ಯಾಬಿನಲ್ಲಿ ಕನೆಕ್ಷನ್ ಕೊಡುವವರು ಕೈ ಎತ್ತಿ, ಆಮೇಲೆ ರೀಡಿಂಗ್ ಬರೆಯುವವರು ಎತ್ತಿ ಎಂದರು. ಎರಡನೆಯ ಸಲ ನಾನು ಕೈ ಎತ್ತಿ ಹಿಂತಿರುಗಿ ನೋಡಿದರೆ, ಹುಡುಗಿಯರ ಸಾಲುಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲಿತ್ತು.

ಆ ತರಗತಿಯಲ್ಲಿ ಕೇಳಿದ್ದರಲ್ಲಿ ನನ್ನನ್ನು ಬಹಳ ಕಾಲ ಕಾಡಿದ್ದು ಎನಿಯಾಕ್ ಎಂಬ ಆರಂಭಕಾಲದ ಎಲೆಕ್ಟ್ರಾನಿಕ್ ಗಣಕಯಂತ್ರದ ಪ್ರಸಂಗ. ಎರಡನೆಯ ಮಹಾಯುದ್ಧದ ಕಾಲಕ್ಕೆ ‘ಕಂಪ್ಯೂಟರ್’ ಎಂದರೆ ಕುಳಿತು ಲೆಕ್ಕ ಮಾಡುವವರ ಹುದ್ದೆಯ ಹೆಸರು; ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸೇನೆಗಾಗಿ ಫಿರಂಗಿ ಗುಂಡುಗಳ ಪಥವನ್ನು ಲೆಕ್ಕ ಹಾಕುತ್ತಿದ್ದ ಅಂಥವರಲ್ಲಿ ಹೆಚ್ಚಿನವರು ಹೆಂಗಸರು. 1945ರಲ್ಲಿ ಅವರ ಪೈಕಿ ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಸ್ ಬಿಲಾಸ್, ರೂತ್ ಲಿಕ್ಟರ್‌ಮನ್ ಎಂಬ ಆರು ಮಂದಿಯನ್ನು ಆರಿಸಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗುತ್ತಿದ್ದ, ಸುಮಾರು 18,000 ನಿರ್ವಾತ ನಳಿಕೆಗಳ ಆ ಯಂತ್ರಕ್ಕೆ ಪ್ರೋಗ್ರಾಮ್ ಹಾಕುವ ಕೆಲಸಕ್ಕೆ ಹಚ್ಚಿದರು. ಓದಿಕೊಳ್ಳಲು ಕೈಪಿಡಿಯಿರಲಿಲ್ಲ, ಮೊದಮೊದಲು ಯಂತ್ರದ ಕೋಣೆಗೆ ಪ್ರವೇಶವೂ ಇರಲಿಲ್ಲ. ನಕ್ಷೆಗಳನ್ನು ನೋಡಿಯೇ ಅದರ ಒಳಗುಟ್ಟನ್ನು ತಿಳಿದುಕೊಂಡ ಅವರು ಮುಂದೆ ತಾವೇ ಕೇಬಲ್ ಚುಚ್ಚಿ, ಸ್ವಿಚ್ಚು ತಿರುಗಿಸಿ ಲೆಕ್ಕ ಮಾಡಿಸಿದರು. 1946ರ ಫೆಬ್ರುವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ನೆರೆದವರನ್ನು ಬೆರಗುಗೊಳಿಸಿದ ಗುಂಡಿನ ಪಥದ ಲೆಕ್ಕವನ್ನು ಸಜ್ಜುಗೊಳಿಸಿದ್ದವರು ಸ್ನೈಡರ್ ಮತ್ತು ಜೆನ್ನಿಂಗ್ಸ್. ಆ ರಾತ್ರಿಯ ಔತಣಕ್ಕೆ ಮಾತ್ರ ಅವರನ್ನು ಕರೆಯಲಿಲ್ಲ. ಹಲವು ದಶಕಗಳ ನಂತರ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ, ಹಳೆಯ ಫೋಟೋಗಳಲ್ಲಿ ಯಂತ್ರದ ಪಕ್ಕ ನಿಂತ ಈ ಹೆಂಗಸರು ಯಾರೆಂದು ವಿಚಾರಿಸಿದಾಗ, ಫ್ರಿಜ್ ಜಾಹೀರಾತಿನವರಂತೆ ಚೆಂದಕ್ಕೆ ನಿಲ್ಲಿಸಿದ ರೂಪದರ್ಶಿಯರು ಎಂಬ ಉತ್ತರ ಸಿಕ್ಕಿತಂತೆ.

ಇಲ್ಲಿ ನನಗೊಂದು ತೊಡಕು ಎದುರಾಯಿತು. ನಮ್ಮ ಲ್ಯಾಬಿನಲ್ಲಿ ತಂತಿ ಹಿಡಿಯುವುದು ಎಂಜಿನಿಯರನ ಕೆಲಸ, ಬರೆಯುವುದು ಗುಮಾಸ್ತರ ಕೆಲಸ. ಎನಿಯಾಕ್‌ನ ಮುಂದೆ ತಂತಿ ಹಿಡಿದವರೇ ಹೆಂಗಸರು, ಆದರೆ ಅಲ್ಲಿ ಅದೇ ಗುಮಾಸ್ತಿಕೆ ಎನಿಸಿಕೊಂಡು ಅವರ ಹುದ್ದೆಗೆ ‘ಸಬ್‌ಪ್ರೊಫೆಷನಲ್’, ಅಂದರೆ ವೃತ್ತಿಪರರಿಗಿಂತ ಕೆಳಗಿನದು, ಎಂಬ ದರ್ಜೆ ಬಿತ್ತು. ಹಾಗಾದರೆ ಹುಡುಗಿಯರ ಕೈಗೆ ಸ್ಕ್ರೂಡ್ರೈವರ್ ಕೊಟ್ಟುಬಿಟ್ಟರೆ ಮುಗಿಯಿತು ಎನ್ನುವವರ ಲೆಕ್ಕ ಎಲ್ಲೋ ತಪ್ಪಿದೆ. ನಮ್ಮ ಮನೆಯನ್ನೇ ನೋಡಿ. ಅಮ್ಮ ಹೊಲಿಗೆ ಯಂತ್ರದ ಬಾಬಿನ್ ಕೇಸ್ ಬಿಚ್ಚಿ, ಸಿಕ್ಕಿಕೊಂಡ ದಾರವನ್ನು ಸೂಜಿಯಿಂದ ಎಬ್ಬಿ ತೆಗೆದು, ಎಣ್ಣೆ ಬಿಟ್ಟು, ನೂಲಿನ ಬಿಗಿಯನ್ನು ಸರಿಪಡಿಸುತ್ತಾರೆ. ಆದರೂ ಬಲ್ಬು ಹೋದರೆ ನಾವೆಲ್ಲರೂ, ಅಮ್ಮನೂ ಸೇರಿ, ಅಪ್ಪ ಬರುವವರೆಗೆ ಕತ್ತಲಲ್ಲಿ ಕಾಯುತ್ತೇವೆ.

ಕಂಪ್ಯೂಟರ್ ವಿಜ್ಞಾನಿಗಳಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅವರ 2018ರ ಅಧ್ಯಯನವನ್ನೂ ತರಗತಿಯಲ್ಲಿ ಓದಿದೆವು. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ತಂತ್ರಾಂಶಗಳ ತಪ್ಪು ತಿಳಿ ಮೈಬಣ್ಣದ ಗಂಡಸರಲ್ಲಿ ಶೇ 0.8ನ್ನು ಮೀರಿರಲಿಲ್ಲ, ಕಪ್ಪು ಮೈಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೂ ಹೋಗಿತ್ತು. ಅಂಕಿ ದೊಡ್ಡದೇ, ಆದರೆ ನನ್ನನ್ನು ಹೆಚ್ಚು ಮುಟ್ಟಿದ್ದು ಅಸೈನ್‌ಮೆಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ಶೇ 57, ಹೆಂಗಸರು ಶೇ 33. ಇದನ್ನು ಬೋರ್ಡಿನ ಮೇಲೆ ಬರೆದ ಮೇಡಂ, ಮನೆಯಲ್ಲಿ ಯಾರ ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರ್ ಇದೆ ಎಂದು ಕೇಳಿಕೊಂಡು ಬರಲು ಹೇಳಿದರು. ಅಮ್ಮನ ಖಾತೆಗೆ ಇದ್ದದ್ದು ಅಪ್ಪನ ನಂಬರ್. ಹೊಲಿಗೆಯ ದುಡ್ಡು ಜಮೆಯಾದದ್ದು ಅಪ್ಪನಿಗೆ ಮೊದಲು ತಿಳಿಯುತ್ತಿತ್ತು, ಅಮ್ಮ ಏನಾದರೂ ಕೊಳ್ಳಬೇಕಾದರೆ ಒಟಿಪಿಗಾಗಿ ಅಂಗಳಕ್ಕೆ ಕೂಗಬೇಕಿತ್ತು. ಇದರಲ್ಲಿ ವಿಶೇಷವೇನು ಎಂದು ಇಬ್ಬರೂ ನನ್ನನ್ನೇ ಕೇಳಿದರು.

ಈಗ ಪುಟ ತಿರುಗಿಸುತ್ತಿದ್ದೇನೆ. ಏಳನೆಯ ಪ್ರಯೋಗದಿಂದ ಅಕ್ಷರ ಬದಲಾಗಿರುವುದು ನಿಮಗೂ ಕಾಣುತ್ತದೆ. ಆ ವಾರ ನಾನು ಪೆನ್ನನ್ನು ಪಕ್ಕದವನ ಕೈಗೆ ಕೊಟ್ಟು, “ಇವತ್ತು ನೀನು ಬರ್ಕೋ” ಎಂದೆ. ಟ್ರಾನ್ಸಿಸ್ಟರಿನ ಕಾಲುಗಳನ್ನು ತಿರುಗುಮುರುಗಾಗಿ ಸಿಕ್ಕಿಸಿದ್ದರಿಂದ ಅರ್ಧ ಗಂಟೆ ತೆರೆಯ ಮೇಲೆ ಅಲೆಯೇ ಮೂಡಲಿಲ್ಲ. ಆತ ಪಾಪ ಕಮಕ್ ಕಿಮಕ್ ಎನ್ನದೆ ಕಾದ. ಅವನು ಬರೆದ 1 ಯಾವುದು, 7 ಯಾವುದು ಎಂದು ಇವತ್ತಿಗೂ ನನಗೆ ತಿಳಿಯದು. ಅಂಚಿನಲ್ಲಿ ಸರ್ ಅವರ ಕೆಂಪು ಶಾಯಿಯ ಟಿಪ್ಪಣಿ ಇದೆ, ನೋಡಿ: “ಅಂಕಿಗಳು ಅರ್ಥವಾಗುತ್ತಿಲ್ಲ.”