ಮೂರು ದಿನದ ಲೆಕ್ಕ: ಪಬ್‌ನ ನೆಲಮಾಳಿಗೆ ಮತ್ತು ಪೀಪಾಯಿಗಳು

ಎಲ್ಲರಿಗೂ ನಮಸ್ಕಾರ. ಮೇಜಿನ ಪಕ್ಕ ಬಿಯರ್ ತುಂಬುವ ಒಂದು ಖಾಲಿ ಪೀಪಾಯಿ ಇಟ್ಟಿದ್ದೇನೆ, ಸ್ಟೀಲಿನದು. ಇದರ ಹೆಸರು ಫರ್ಕಿನ್. 9 ಗ್ಯಾಲನ್ ಹಿಡಿಯುತ್ತದೆ, ಅಂದರೆ ಸುಮಾರು 41 ಲೀಟರ್. ಹಳೆಯ ಡಚ್ ಭಾಷೆಯಿಂದ ಬಂದ ಪದ, ಕಾಲು ಭಾಗ ಅಂತ ಅರ್ಥ. ಯಾವುದರ ಕಾಲು? 36 ಗ್ಯಾಲನ್ನಿನ ಬ್ಯಾರೆಲ್‌ನದು. ನಮ್ಮಜ್ಜಿ ಅಕ್ಕಿ ಅಳೆಯುತ್ತಿದ್ದ ಪಾವು ಕೂಡ ಹಾಗೇ ಅಲ್ವಾ, ಸೇರಿನ ಕಾಲು.

ಯಾರ್ಕ್‌ಶೈರ್‌ನಲ್ಲಿ ಇರುವ ನಾವು ಎಲ್ಲ ಪೀಪಾಯಿಗೂ ಬ್ಯಾರೆಲ್ ಅಂದುಬಿಡುತ್ತೇವೆ. ಪಬ್‌ನವರ ಮಾತಿನಲ್ಲಿ ಬ್ಯಾರೆಲ್ ಅನ್ನೋದು ಒಂದೇ ಒಂದು ಅಳತೆ. ಒಟ್ಟಾರೆ ಪಾತ್ರೆಗೆ ಅವರು ಹೇಳುವುದು ಕ್ಯಾಸ್ಕ್. ನಾಲ್ಕೂವರೆ ಗ್ಯಾಲನ್ ಆದರೆ ಪಿನ್, ಅದರ ಎರಡರಷ್ಟು ಫರ್ಕಿನ್, ಅದರ ಎರಡರಷ್ಟು, 18 ಗ್ಯಾಲನ್, ಕಿಲ್ಡರ್‌ಕಿನ್, ಮತ್ತೆ ಎರಡರಷ್ಟು ಬ್ಯಾರೆಲ್. ಅದರಾಚೆ 54 ಗ್ಯಾಲನ್ನಿನ ಹಾಗ್ಸ್‌ಹೆಡ್ ಇತ್ತು, ಈಗ ನೋಡಲು ಸಿಗುವುದೇ ಅಪರೂಪ.

ಇಷ್ಟೊಂದು ಅಳತೆ ಯಾಕೆ ಬೇಕು? ಇದನ್ನು ಹೇಳಲಿಕ್ಕೇ ನಾನು ಬಂದಿದ್ದು. ಕ್ಯಾಸ್ಕ್‌ನೊಳಗಿನ ಬಿಯರ್ ಸತ್ತ ಸರಕಲ್ಲ. ಯೀಸ್ಟ್ ಇನ್ನೂ ಜೀವಂತ ಇರುತ್ತದೆ, ಪಬ್‌ನ ನೆಲಮಾಳಿಗೆಯಲ್ಲೂ ಹುದುಗು ಬರುತ್ತಲೇ ಇರುತ್ತದೆ.

ಬಿಚ್ಚುವ ಕೆಲಸ ನೋಡಬೇಕು. ಪೀಪಾಯಿಯನ್ನು ಅಡ್ಡ ಮಲಗಿಸಿ, ಅಲುಗಾಡದ ಹಾಗೆ ಬೆಣೆ ಕೊಟ್ಟು ಬಿಡುತ್ತಾರೆ. ಹೊಟ್ಟೆಯ ಮೇಲೆ ಒಂದು ದೊಡ್ಡ ಮುಚ್ಚಳ, ಶೈವ್. ಅದರ ನಡುವೆ ಮೆತ್ತನೆ ಬೆತ್ತದ ಒಂದು ಸಣ್ಣ ಬೆಣೆ ಇಟ್ಟು ಕೊಡತಿಯಿಂದ ಹೊಡೆದರೆ ಬುಸ್ ಅಂತ ಗ್ಯಾಸ್ ಬರುತ್ತದೆ, ಹಿಂದೆಯೇ ನೊರೆ ಉಕ್ಕುತ್ತದೆ. ಒರೆಸುತ್ತಾ ಕಾಯಬೇಕು. ನೊರೆ ನಿಂತ ಮೇಲೆ ಗಟ್ಟಿ ಮರದ ಬೆಣೆ. ಗಸಿ ತಳಕ್ಕೆ ಇಳಿಯಲು ಸಾಮಾನ್ಯವಾಗಿ ಒಂದು ದಿನವಾದರೂ ಬಿಡಬೇಕು. ಬೇಗ ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ಮಾಡಿದ ಒಂದು ಪದಾರ್ಥವನ್ನೂ ಹಾಕುತ್ತಾರೆ, ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ, ಅದಕ್ಕೇ ಹೇಳಿದೆ. ಅದನ್ನು ಹಾಕದ ಬಿಯರ್ ಕೂಡ ಸಿಗುತ್ತದೆ, ಕೇಳಿ ತಗೊಳ್ಳಿ. ನೆಲಮಾಳಿಗೆ 11ರಿಂದ 13 ಡಿಗ್ರಿ ತಂಪಿರಬೇಕು.

ಆಮೇಲೆ ನಲ್ಲಿ ಹೊಡೆದು ಮೇಲೆ ಕೈಪಂಪಿನಿಂದ ಎಳೆಯುತ್ತಾರೆ. ಒಂದು ಪೈಂಟ್, ಅಂದರೆ ಗ್ಯಾಲನ್ನಿನ ಎಂಟನೇ ಒಂದು ಭಾಗ, ಹೊರಗೆ ಬಂದರೆ ಅಷ್ಟೇ ಗಾಳಿ ಒಳಗೆ ಹೋಗುತ್ತದೆ. ಅಲ್ಲಿಂದ ಗಡಿಯಾರ ಶುರು. ಮೂರು ದಿನದಲ್ಲಿ ಮುಗಿಸಬೇಕು. ಆಮೇಲೆ ಬಿಯರ್ ಚಪ್ಪೆಯಾಗುತ್ತದೆ, ಹುಳಿ ಏರುತ್ತದೆ. ಕೆಗ್ ಅನ್ನುವ ಇನ್ನೊಂದು ಬಗೆಯ ಪೀಪಾಯಿಯ ಕತೆ ಬೇರೆ, ಅದರಲ್ಲಿ ಗ್ಯಾಸ್ ಹಾಕಿ ತಳ್ಳುತ್ತಾರೆ, ಗಾಳಿ ಮುಟ್ಟುವುದೇ ಇಲ್ಲ.

ಹಾಗಾಗಿ ಪೀಪಾಯಿಯ ಅಳತೆಯನ್ನು ಲೀಟರಿನಲ್ಲಿ ನೋಡಬೇಡಿ, ದಿನದಲ್ಲಿ ನೋಡಿ. ಪಿನ್‌ನಲ್ಲಿ 36 ಪೈಂಟ್, ಅಂದರೆ ದಿನಕ್ಕೆ 12 ಹೋದರೆ ಸಾಕು. ಫರ್ಕಿನ್‌ನಲ್ಲಿ 72, ದಿನಕ್ಕೆ 24 ಹೋಗಬೇಕು. ಕಿಲ್ಡರ್‌ಕಿನ್ ತೆಗೆದರೆ 48. ಗಸಿಯ ಜೊತೆ ಹೋಗುವ ಒಂದಿಷ್ಟು ಪೈಂಟ್ ಇದರಲ್ಲೇ ಕಳೆಯಬೇಕು, ಆದರೂ ಲೆಕ್ಕ ಇದೇ. ಊರಾಚೆಯ ಸಣ್ಣ ಪಬ್‌ನಲ್ಲಿ ಐದು ಕೈಪಂಪು ಸಾಲಾಗಿ ಕಂಡರೆ ನನಗೆ ಖುಷಿಗಿಂತ ಆತಂಕ ಜಾಸ್ತಿ, ಒಂದೊಂದರಿಂದಲೂ ದಿನಕ್ಕೆ 24 ಪೈಂಟ್ ಹೋಗುತ್ತಾ ಅಂತ.

ನಾನು ಸಂಜೆ ಹೊತ್ತು ಕೆಲಸ ಮಾಡುತ್ತಿದ್ದ ಒಂದು ಪಬ್‌ನಲ್ಲಿ ರಜೆಯ ವಾರ ಬಂತು ಅಂತ ಯಜಮಾನರು ಕಿಲ್ಡರ್‌ಕಿನ್ ತರಿಸಿದರು. ಎರಡು ಫರ್ಕಿನ್‌ಗಿಂತ ಅಗ್ಗಕ್ಕೆ ಸಿಕ್ಕಿತ್ತು. ಮಳೆ ಹಿಡಿಯಿತು, ಜನ ಬರಲಿಲ್ಲ. ನಾಲ್ಕನೇ ದಿನ ಲೋಟಕ್ಕೆ ಸುರಿದು ಮೂಸಿದೆ, ಹಳಸಿದ ಸೇಬಿನ ವಾಸನೆ. ಅರ್ಧಕ್ಕೂ ಜಾಸ್ತಿ ಚರಂಡಿಗೆ ಹೋಯಿತು. ಅದನ್ನು ಮಾಡಿದವರ ಶ್ರಮ ನೆನೆದು ಬೇಜಾರಾಯಿತು.

ಭಾರದ ಮಾತೂ ಇದೆ. ತುಂಬಿದ ಫರ್ಕಿನ್ 50 ಕೆಜಿ ದಾಟುತ್ತದೆ, ಕಿಲ್ಡರ್‌ಕಿನ್ 100ರ ಹತ್ತಿರ, ಅದನ್ನು ಉರುಳಿಸಬೇಕೇ ಹೊರತು ಎತ್ತುವ ಹಾಗಿಲ್ಲ. ತುಂಬಿದ ಬ್ಯಾರೆಲ್ ಅಂತೂ ಪಬ್‌ಗಳಿಂದ ಹೆಚ್ಚುಕಡಿಮೆ ಮರೆಯಾಗಿದೆ. ಆದರೆ ಲೆಕ್ಕದಲ್ಲಿ ಉಳಿದಿದೆ: 10 ಬ್ಯಾರೆಲ್ ಬ್ರೂವರಿ ಅಂದರೆ ಒಂದು ಸಲಕ್ಕೆ 40 ಫರ್ಕಿನ್ ಬಿಯರ್ ತಯಾರಿಸುವ ಜಾಗ. ಈ 36 ಕೂಡ ಮೊದಲಿನಿಂದ ಎಲ್ಲದಕ್ಕೂ ಒಂದೇ ಇರಲಿಲ್ಲ. 16ನೇ ಶತಮಾನದ ಇಂಗ್ಲಿಷ್ ಕಾನೂನಿನಲ್ಲಿ ಹಾಪ್ಸ್ ಅನ್ನುವ ಕಹಿ ಹೂವು ಹಾಕದ ಏಲ್‌ಗೆ 32 ಗ್ಯಾಲನ್ನಿನ ಬ್ಯಾರೆಲ್, ಹಾಪ್ಸ್ ಹಾಕಿದ ಬಿಯರ್‌ಗೆ 36ರದು. ಅಂದಹಾಗೆ ನಮ್ಮ ಪೀಪಾಯಿ ಅನ್ನುವ ಪದ ಪೋರ್ಚುಗೀಸರ ಪಿಪಾದಿಂದ ಬಂದದ್ದು.

ಮರದ ಪೀಪಾಯಿ ನೋಡುವ ಆಸೆ ಇದ್ದವರಿಗೆ ದೂರ ಹೋಗಬೇಕಿಲ್ಲ. ಇಲ್ಲೇ ಟ್ಯಾಡ್‌ಕಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ ಇಂದಿಗೂ ಓಕ್ ಮರದ ಪೀಪಾಯಿ ತುಂಬಿಸುತ್ತದೆ.

ಈಗ ಇಬ್ಬರು ಮುಂದೆ ಬನ್ನಿ. ಈ ಫರ್ಕಿನ್‌ಗೆ ಅರ್ಧ ನೀರು ತುಂಬಿ ಹಿಂಭಾಗವನ್ನು ಮೆಲ್ಲಗೆ ಎತ್ತೋಣ, ಗಸಿ ಕದಡದ ಹಾಗೆ ವಾಲಿಸುವುದು ಹೇಗೆ ಅಂತ ಕೈಯಲ್ಲೇ ತಿಳಿಯುತ್ತದೆ.