ಅಂಗಳದಲ್ಲಿ ಹುಟ್ಟಿದ ಬೆಲೆ: ಕಾಳುಮೆಣಸಿನ ಲೋಕಸಂಚಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದಿರುವ ಬೆಳೆಗಾರ ಬಂಧುಗಳಿಗೆ ನಮಸ್ಕಾರ.

ಕ್ರಿ.ಶ. 408ರಲ್ಲಿ ಗಾಥ್ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ. ಹಿಂದೆ ಸರಿಯಲು ಅವನು ಕೇಳಿದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ. ಜೊತೆಗೆ 3,000 ಪೌಂಡ್ ಕಾಳುಮೆಣಸು. ರೋಮನ್ ಪೌಂಡ್ ಎಂದರೆ ಸುಮಾರು 327 ಗ್ರಾಂ. ಒಟ್ಟು ಹತ್ತು ಕ್ವಿಂಟಲ್‌ಗೆ ಕೊಂಚ ಕಡಿಮೆ. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿರುವ ನಿಮ್ಮಲ್ಲೇ ಕೆಲವರು ವರ್ಷಕ್ಕೆ ಅಷ್ಟು ಮಾರುತ್ತೀರಿ.

ಹೊಟ್ಟೆ ತುಂಬಿಸದ ಈ ಕಾಳಿಗೆ ಅಂಥ ಬೆಲೆ ಹೇಗೆ ಬಂತು? ಕೊಳೆತ ಮಾಂಸದ ನಾತ ಅಡಗಿಸಲು ಯುರೋಪಿನವರು ಮೆಣಸು ಕೊಳ್ಳುತ್ತಿದ್ದರು ಎನ್ನುವ ಮಾತಿದೆ. ನಾನದನ್ನು ಒಪ್ಪುವುದಿಲ್ಲ. ಮೆಣಸು ಕೊಳ್ಳಬಲ್ಲವನಿಗೆ ತಾಜಾ ಮಾಂಸ ಯಾವ ಲೆಕ್ಕ? ಖಾರ ಇತ್ತು, ದೂರದ ಮಾಲೆಂಬ ಮೋಹವೂ ಇತ್ತು. ಆದರೆ ಎಲ್ಲಕ್ಕಿಂತ ದೊಡ್ಡದು ಅದರ ಬಾಳಿಕೆ. ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಬಂದರಿನ ಒಂದು ಗುಡಿಯಲ್ಲಿ ಭಾರತದ ಮಣ್ಣಿನ ಹರವಿ ಸಿಕ್ಕಿತು, ಒಳಗೆ 7.5 ಕಿಲೋ ಕರಿಮೆಣಸು, ವಯಸ್ಸು ಹತ್ತಿರಹತ್ತಿರ ಎರಡು ಸಾವಿರ ವರ್ಷ! ಕೆಡದ, ತೂಗಿ ಪಾಲು ಮಾಡಬಹುದಾದ ವಸ್ತು ಹಣವಾಗಲು ತಡವಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಗೇಣಿಯನ್ನೂ ಮೆಣಸಿನಲ್ಲಿ ಸಲ್ಲಿಸುತ್ತಿದ್ದರು.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನಿಮಗೆ ಗೊತ್ತೇ ಇದೆ. 1623ರಲ್ಲಿ ಅವರ ರಾಯಭಾರಿ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೇ ಬಂದ. ಆಮೇಲೆ ಡಚ್ಚರು, ಇಂಗ್ಲಿಷರು ಹಡಗುಗಟ್ಟಲೆ ಸಾಗಿಸಿದರು, ಮೆಣಸು ಅಗ್ಗವಾಯಿತು. ಬರ್ಮುಡಾದಲ್ಲಿ 1816ರಿಂದ ಒಂದು ಹಳೆಯ ಸರ್ಕಾರಿ ಕಟ್ಟಡಕ್ಕೆ ವರ್ಷದ ಬಾಡಿಗೆ ಒಂದೇ ಒಂದು ಮೆಣಸಿನ ಕಾಳು. ಬೆಲೆ ಹೋದರೂ ಕರಾರಿನ ಗುರುತಾಗಿ ಕಾಳು ಉಳಿಯಿತು.

ಆ ಬಾಳಿಕೆ ಬಳ್ಳಿಯಲ್ಲಿ ಬರುವುದಿಲ್ಲ, ಅಂಗಳದಲ್ಲಿ ಬರುತ್ತದೆ. ಆದ್ದರಿಂದ ಅಂಗಳದ ಕೆಲಸವನ್ನೇ ವಿವರವಾಗಿ ಹೇಳುತ್ತೇನೆ. ಕದಿರಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ಯಬೇಕು. ಬೇಗ ಕೊಯ್ದರೆ ಜೊಳ್ಳು, ತಡವಾದರೆ ಉದುರುತ್ತದೆ, ಹಕ್ಕಿಗಳ ಪಾಲಾಗುತ್ತದೆ. ಬಿಡಿಸಿದ ಕಾಳನ್ನು ಬಿದಿರಿನ ಬುಟ್ಟಿಯಲ್ಲಿ ಹಾಕಿ, ಕುದಿಯುವ ನೀರಿನ ಹಂಡೆಯಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಧೂಳು, ಸೂಕ್ಷ್ಮಜೀವಿ ತೊಳೆದುಹೋಗುತ್ತವೆ; ಸಿಪ್ಪೆಯ ಕೋಶಗಳು ಒಡೆದು ಒಳಗಿನ ಕಿಣ್ವ ಕೆಲಸಕ್ಕೆ ತೊಡಗುತ್ತದೆ, ಕಾಳು ಒಂದೇ ಸಮನೆ ಕಪ್ಪಾಗುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಆ ಕಿಣ್ವವೇ ಸತ್ತು, ಬಣ್ಣ ಬರುವುದಿಲ್ಲ. ಹೀಗೆ ಅದ್ದಿದ್ದು ಒಳ್ಳೆಯ ಬಿಸಿಲಿಗೆ ಮೂರು ನಾಲ್ಕು ದಿನದಲ್ಲಿ ಒಣಗುತ್ತದೆ. ಅದ್ದದಿದ್ದರೆ ಐದರಿಂದ ಏಳು ದಿನ ಬೇಕು.

ಸಗಣಿ ಸಾರಿಸಿದ ನೆಲಕ್ಕಿಂತ ಸಿಮೆಂಟಿನ ಕಣ ಅಥವಾ ಶುದ್ಧ ಟಾರ್ಪಾಲು ಮೇಲು. ತೆಳುವಾಗಿ ಹರವಿ, ಆಗಾಗ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲೇ ರಾಶಿ ಮಾಡಿ ಮುಚ್ಚಿ. ತೇವ ಶೇ. 10ರ ಆಸುಪಾಸಿಗೆ ಇಳಿಯಬೇಕು. ಶೇ. 12 ದಾಟಿದ ಮಾಲನ್ನು ಚೀಲಕ್ಕೆ ತುಂಬಿದರೆ ಮಳೆಗಾಲದಲ್ಲಿ ಬೂಷ್ಟು ಖಂಡಿತ. 100 ಕಿಲೋ ಹಸಿ ಕಾಳಿಗೆ ಸುಮಾರು 33 ಕಿಲೋ ಒಣ ಮೆಣಸು ಸಿಗುತ್ತದೆ.

ಮಂಡಿಗೆ ಒಯ್ಯುವ ಮುನ್ನ ಒಂದು ಲೀಟರ್ ಅಳತೆ ತುಂಬಿ ತೂಗಿ ನೋಡಿ. 550 ಗ್ರಾಂ ತೂಗಿದರೆ ಒಳ್ಳೆಯ ಮಾಲು. ಕಡಿಮೆ ಬಂದರೆ ಜೊಳ್ಳಿದೆ, ಇನ್ನೊಮ್ಮೆ ತೂರಿ.